ಎಂಜಿನ್ ಪೈಲಟ್‌ಗೆ ಕಾಣುವುದಿಲ್ಲ

ವಿಮಾನದ ಎಂಜಿನ್ ಅದನ್ನು ಓಡಿಸುವ ಪೈಲಟ್‌ಗೆ ಕಾಣುವುದಿಲ್ಲ. ಹೇಳಿದರೆ ಹಲವರು ನಂಬುವುದಿಲ್ಲ. ಏರ್‌ಬಸ್ ಎ320 ಇರಲಿ, ಬೋಯಿಂಗ್ 737 ಇರಲಿ, ಕಾಕ್‌ಪಿಟ್ ಇರುವುದು ಮೂತಿಯಲ್ಲಿ. ಎಂಜಿನ್ ಇರುವುದು ಹಿಂದೆ, ರೆಕ್ಕೆಯ ಕೆಳಗೆ. ಬೆಲ್ಟ್ ಕಟ್ಟಿ ಕೂತ ಪೈಲಟ್ ಎಷ್ಟೇ ಕತ್ತು ತಿರುಗಿಸಿದರೂ ಅದು ಕಣ್ಣಿಗೆ ಬೀಳುವುದಿಲ್ಲ. ರೆಕ್ಕೆಯ ಹತ್ತಿರ ಕಿಟಕಿ ಪಕ್ಕ ಕೂತ ಪುಟ್ಟ ಹುಡುಗನಿಗೆ ಕಾಣುವಷ್ಟು ಕೂಡ ಕ್ಯಾಪ್ಟನ್‌ಗೆ ಕಾಣುವುದಿಲ್ಲ. ಅವರಿಗೆ ಸಿಗುವುದು ಪರದೆಯ ಮೇಲೆ ಒಂದಿಷ್ಟು ಅಂಕಿ, ಒಂದು ಕೆಂಪು ದೀಪ, ಬೆಲ್ ಸದ್ದು, ಮತ್ತೆ ಯಾರಾದರೂ ನೋಡಿ ಹೇಳಿದ ಮಾತು.

ನಾನು ವಿಮಾನ ನಿರ್ವಹಣೆಯ ಎಂಜಿನಿಯರ್. ನಮ್ಮ ಕಡೆ ಎಎಂಇ ಅಂತಾರೆ. ಬೆಂಗಳೂರಿನಲ್ಲಿ ಲೈನ್ ಡ್ಯೂಟಿ. ಅಂದರೆ ಹ್ಯಾಂಗರಿನಲ್ಲಿ ಬಿಚ್ಚಿಟ್ಟ ವಿಮಾನದ ಕೆಲಸ ಅಲ್ಲ, ವಿಮಾನ ನಿಲ್ಲಿಸುವ ಬೇಯಲ್ಲಿ ಜನ ತುಂಬಿಕೊಂಡು ಇನ್ನೇನು ಹೊರಡಲಿರುವ ವಿಮಾನದ ಕೆಲಸ. ಟಗ್ ಗಾಡಿ ವಿಮಾನವನ್ನು ಹಿಂದಕ್ಕೆ ತಳ್ಳುವಾಗ ಮೂತಿಯ ಹತ್ತಿರ ಹೆಡ್‌ಸೆಟ್ ಹಾಕಿಕೊಂಡು, ಉದ್ದ ವೈರ್ ಹಿಡಿದುಕೊಂಡು ನಡೆಯುವ ಒಬ್ಬರನ್ನು ನೀವು ನೋಡಿರಬಹುದು. ಅದು ನನ್ನ ಜಾಗ. ವೈರಿನ ಇನ್ನೊಂದು ತುದಿಯಲ್ಲಿ ಪೈಲಟ್ ಇರುತ್ತಾರೆ. ಎಂಜಿನ್ ಸ್ಟಾರ್ಟ್ ಆಗುವ ಆ ಕೆಲವು ನಿಮಿಷ ಅವರ ಪಾಲಿನ ಕಣ್ಣು ನಾನೇ.

ಟೇಕಾಫ್‌ಗೆ ಮೊದಲೇ ಎಂಜಿನ್ ಕೈಕೊಟ್ಟರೆ ಏನು ಮಾಡ್ತೀರಿ ಅಂತ ಪರಿಚಯದವರು ಕೇಳುತ್ತಿರುತ್ತಾರೆ. ನೆಲದ ಮೇಲೇ ಇದೀವಲ್ಲ, ಆಫ್ ಮಾಡಿದರೆ ಮುಗೀತಲ್ವಾ ಅಂತ ಅವರೇ ಉತ್ತರವನ್ನೂ ಕೊಡುತ್ತಾರೆ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ನೆಲದ ಮೇಲೆ ನಡೆದ ದೊಡ್ಡ ಘಟನೆಗಳ ತನಿಖಾ ವರದಿಗಳನ್ನು ಓದುತ್ತಾ ಹೋದರೆ ಬೇರೆಯೇ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಎಂಜಿನ್ ಕೆಟ್ಟಿದ್ದು ಕಥೆಯ ಮೊದಲ ಭಾಗ ಅಷ್ಟೇ. ಹೊರಗೆ ಏನಾಗುತ್ತಿದೆ ಅನ್ನುವುದು ಕಂಡವರ ಬಾಯಿಂದ ಕಾಕ್‌ಪಿಟ್‌ವರೆಗೆ ತಲುಪಿತೋ ಇಲ್ಲವೋ, ಎಷ್ಟು ಹೊತ್ತಿಗೆ ತಲುಪಿತು, ಜೀವಗಳು ನಿಂತಿದ್ದು ಅದರ ಮೇಲೆ.

ಮೊದಲು ಸ್ಟಾರ್ಟ್ ಹೇಗಾಗುತ್ತದೆ ನೋಡೋಣ. ಎ320 ವಿಮಾನದ ಸಿಎಫ್‌ಎಂ ಎಂಜಿನ್ನನ್ನೇ ತಗೊಳ್ಳಿ. ವಿಮಾನದ ಬಾಲದಲ್ಲಿ ಎಪಿಯು ಅನ್ನುವ ಚಿಕ್ಕ ಎಂಜಿನ್ ಇದೆ. ಅದು ಒತ್ತಡದ ಗಾಳಿ ಕೊಡುತ್ತದೆ. ಆ ಗಾಳಿಯಿಂದ ಸ್ಟಾರ್ಟರ್ ತಿರುಗುತ್ತದೆ, ಸ್ಟಾರ್ಟರ್ ದೊಡ್ಡ ಎಂಜಿನ್ನಿನ ಒಳಗಿನ ಶಾಫ್ಟನ್ನು ತಿರುಗಿಸುತ್ತದೆ. ವೇಗ ಶೇ 16ಕ್ಕೆ ಬಂದಾಗ ಕಿಡಿ ಶುರು. ಶೇ 22ಕ್ಕೆ ಇಂಧನ. ಒಳಗೆ ಬೆಂಕಿ ಹತ್ತಿಕೊಂಡ ಕೂಡಲೇ ಇಜಿಟಿ, ಅಂದರೆ ಹಿಂದಿನಿಂದ ಹೊರಬರುವ ಅನಿಲದ ತಾಪ, ಸರಸರ ಏರುತ್ತದೆ. ಶೇ 50ರ ಸುಮಾರಿಗೆ ಸ್ಟಾರ್ಟರ್ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಎಂಜಿನ್ ತನ್ನ ಬಲದಲ್ಲೇ ಓಡುತ್ತದೆ.

ಈ ಹಾದಿಯಲ್ಲಿ ತಪ್ಪಬಹುದಾದ್ದು ಹಲವು. ಇಂಧನ ಬಂದರೂ ಬೆಂಕಿ ಹತ್ತದೇ ಹೋಗಬಹುದು. ಹತ್ತಿಕೊಂಡ ಮೇಲೂ ವೇಗ ಏರದೆ ಅಲ್ಲೇ ನಿಂತುಬಿಡಬಹುದು, ಇದಕ್ಕೆ ಹಂಗ್ ಸ್ಟಾರ್ಟ್ ಅನ್ನುತ್ತೇವೆ. ತಾಪ ಮಿತಿ ದಾಟಬಹುದು, ಅದು ಹಾಟ್ ಸ್ಟಾರ್ಟ್. ಸ್ಟಾರ್ಟ್ ಆಗುವಾಗ ಈ ಎಂಜಿನ್ನಿಗಿರುವ ಮಿತಿ 725 ಡಿಗ್ರಿ ಸೆಲ್ಸಿಯಸ್. ಹಿಂದೆಲ್ಲ ಪೈಲಟ್ ಮುಳ್ಳಿನ ಮೇಲೆ ಕಣ್ಣಿಟ್ಟು, ತಾನೇ ಇಂಧನ ನಿಲ್ಲಿಸಬೇಕಿತ್ತು. ಈಗ ಎಂಜಿನ್ನಿನ ಕಂಪ್ಯೂಟರ್, ಫ್ಯಾಡೆಕ್, ಇದನ್ನೆಲ್ಲ ನೋಡಿಕೊಳ್ಳುತ್ತದೆ. ತಾನೇ ಇಂಧನ ನಿಲ್ಲಿಸುತ್ತದೆ, ಒಳಗೆ ಉಳಿದ ಇಂಧನವನ್ನು ಗಾಳಿ ಹಾಯಿಸಿ ಹೊರಗೆ ತಳ್ಳುತ್ತದೆ, ಮತ್ತೆ ಪ್ರಯತ್ನಿಸುತ್ತದೆ. ಪ್ರಯಾಣಿಕರಿಗೆ ಗೊತ್ತಾಗುವುದು ಇಷ್ಟೇ: ಗುಂಯ್ ಅನ್ನುವ ಸದ್ದು ಏರಿತು, ಇಳಿಯಿತು, ಮತ್ತೆ ಏರಿತು.

ಹೊಸ ಎಂಜಿನ್‌ಗಳು ಸ್ಟಾರ್ಟ್ ಆಗಲು ಜಾಸ್ತಿ ಹೊತ್ತು ತೆಗೆದುಕೊಂಡರೆ ಗಾಬರಿಯಾಗಬೇಡಿ. ಎಂಜಿನ್ ನಿಲ್ಲಿಸಿದ ಮೇಲೆ ಒಳಗಿನ ಬಿಸಿ ಮೇಲಕ್ಕೇರುತ್ತದೆ. ಶಾಫ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ಬಿಸಿಯಾಗಿ, ಅದು ಒಂದು ಚೂರು ಬಾಗುತ್ತದೆ. ಹಾಗೇ ಜೋರಾಗಿ ತಿರುಗಿಸಿದರೆ ಒಳಗೆ ಉಜ್ಜಿಕೊಳ್ಳುತ್ತದೆ. ಅದಕ್ಕೇ ಮೊದಲು ನಿಧಾನಕ್ಕೆ ತಿರುಗಿಸಿ ಬಿಸಿಯನ್ನು ಸಮ ಮಾಡುತ್ತಾರೆ. 2016ರಲ್ಲಿ ಎ320 ನಿಯೋ ಹೊಸದಾಗಿ ಬಂದಾಗ ಪ್ರ್ಯಾಟ್ ಆಂಡ್ ವಿಟ್ನಿಯ ಎಂಜಿನ್ನಿನಲ್ಲಿ ಇದೇ ದೊಡ್ಡ ತಲೆನೋವಾಗಿತ್ತು. ಆಮೇಲೆ ಆ ಹೊತ್ತನ್ನು ಬಹಳ ಕಡಿಮೆ ಮಾಡಿದರು.

ಕಂಪ್ಯೂಟರ್ ಕೂಡ ಹೇಳದ ಒಂದು ತೊಂದರೆ ಇದೆ. ಟೈಲ್‌ಪೈಪ್ ಫೈರ್. ಸ್ಟಾರ್ಟ್ ಆಗುವಾಗಲೋ, ನಿಲ್ಲಿಸುವಾಗಲೋ ಎಂಜಿನ್ನಿನ ಒಳಗೆ ನಿಂತುಕೊಂಡ ಇಂಧನಕ್ಕೆ ಬೆಂಕಿ ಹತ್ತಿ, ಹಿಂದಿನಿಂದ ಜ್ವಾಲೆ ಹೊರಗೆ ಚಾಚುತ್ತದೆ. ಬೆಂಕಿ ಪತ್ತೆ ಮಾಡುವ ಸೆನ್ಸರ್‌ಗಳು ಇರುವುದು ಎಂಜಿನ್ನಿನ ಹೊರಮೈ ಮತ್ತು ಅದರ ಹೊದಿಕೆಯ ನಡುವೆ. ಈ ಬೆಂಕಿ ಇರುವುದು ಎಂಜಿನ್ನಿನ ಹೊಟ್ಟೆಯೊಳಗೆ, ಬೆಂಕಿ ಇರಬೇಕಾದ ದಾರಿಯಲ್ಲೇ. ಹಾಗಾಗಿ ಕಾಕ್‌ಪಿಟ್‌ನಲ್ಲಿ ಬೆಲ್ ಹೊಡೆಯುವುದಿಲ್ಲ, ಕೆಂಪು ದೀಪ ಹತ್ತುವುದಿಲ್ಲ. ಕೆಳಗೆ ನಿಂತವರು ಹೇಳಬೇಕು, ಇಲ್ಲವೇ ಟವರ್, ಇಲ್ಲವೇ ಕ್ಯಾಬಿನ್ ಸಿಬ್ಬಂದಿ.

ಹೇಳುವ ಮಾತೂ ಸರಿಯಾಗಿರಬೇಕು. ಸುಮ್ನೆ ಬೆಂಕಿ ಬೆಂಕಿ ಅಂತ ಕೂಗಿದರೆ ಪೈಲಟ್‌ನ ಕೈ ಫೈರ್ ಸ್ವಿಚ್ಚಿನ ಕಡೆ ಹೋಗುವುದು ಸಹಜ. ಎ320ಯಲ್ಲಿ ಈ ಬೆಂಕಿಗೆ ಆ ಸ್ವಿಚ್ಚನ್ನು ಒತ್ತಬಾರದು. ಒತ್ತಿದರೆ ಫ್ಯಾಡೆಕ್‌ಗೆ ಕರೆಂಟ್ ನಿಲ್ಲುತ್ತದೆ, ಎಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸಲು ಆಗುವುದಿಲ್ಲ. ಇಲ್ಲಿ ಬೇಕಾಗಿರುವುದು ಹಾಗೆ ತಿರುಗಿಸುವುದೇ. ಇಂಧನ ನಿಲ್ಲಿಸಿ, ಎಂಜಿನ್ನನ್ನು ತಿರುಗಿಸುತ್ತಾ ಇದ್ದು, ಗಾಳಿಯಿಂದಲೇ ಬೆಂಕಿಯನ್ನು ಊದಿ ಆರಿಸಬೇಕು. ಎಂಜಿನ್ನಿನ ಫೈರ್ ಬಾಟಲಿ, ಅಂದರೆ ಬೆಂಕಿ ಆರಿಸುವ ಮದ್ದಿನ ಬಾಟಲಿ, ಅದರಿಂದಲೂ ಉಪಯೋಗವಿಲ್ಲ. ಅದು ಹೊದಿಕೆಯೊಳಗೆ ಸುರಿಯುತ್ತದೆಯೇ ಹೊರತು ಈ ಬೆಂಕಿಯಿರುವ ಜಾಗಕ್ಕೆ ಹೋಗುವುದಿಲ್ಲ. ಹೊರಗಿನಿಂದ ಬೆಂಕಿ ಆರಿಸುವ ಪುಡಿ ಹೊಡೆಯುವುದು ಕೊನೆಯ ದಾರಿ. ಅದರಿಂದ ಎಂಜಿನ್ನಿಗೆ ತುಕ್ಕು ಹಿಡಿದು ಭಾರಿ ನಷ್ಟವಾಗುತ್ತದೆ. ಒಂದು ಬೆಂಕಿಗೆ ಸರಿಯಾದ ಮದ್ದು ಇನ್ನೊಂದು ಬೆಂಕಿಗೆ ತಪ್ಪು.

ನಾನು ಇದನ್ನು ಕಣ್ಣಾರೆ ನೋಡಿದ್ದು ಒಂದು ರಾತ್ರಿ ಪಾಳಿಯಲ್ಲಿ. ಪುಶ್‌ಬ್ಯಾಕ್ ಆಗಿತ್ತು. ಬಲಗಡೆಯ ಎಂಜಿನ್ ಸ್ಟಾರ್ಟ್ ಆಗುತ್ತಿತ್ತು. ಇದ್ದಕ್ಕಿದ್ದಂತೆ ಟಾರ್ ನೆಲದ ಮೇಲೆ ಕಿತ್ತಳೆ ಬೆಳಕು ಬಿತ್ತು. ಹಿಂದಿನಿಂದ ಜ್ವಾಲೆ ಚಾಚಿಕೊಂಡಿತ್ತು. ನಾನು ಹೆಡ್‌ಸೆಟ್ಟಿನಲ್ಲಿ, "ಟೈಲ್‌ಪೈಪ್ ಫೈರ್, ಎಂಜಿನ್ ಟೂ" ಅಂದೆ. ಅದನ್ನೇ ಇನ್ನೊಂದು ಸಲ ಹೇಳಿದೆ. ಕ್ಯಾಪ್ಟನ್ ಅದನ್ನೇ ತಿರುಗಿ ಹೇಳಿದರು. ಇಂಧನ ನಿಂತಿತು, ಎಂಜಿನ್ ತಿರುಗುತ್ತಲೇ ಇತ್ತು. ಜ್ವಾಲೆ ಗಿಡ್ಡವಾಯಿತು, ಹೊಗೆಯಾಯಿತು, ಆಮೇಲೆ ಹೊಗೆಯೂ ನಿಂತಿತು. "ಫೈರ್ ಔಟ್" ಅಂದೆ. ಅವರು ಇನ್ನೂ ಸ್ವಲ್ಪ ಹೊತ್ತು ತಿರುಗಿಸಿ ನಿಲ್ಲಿಸಿದರು. ಅವರ ದನಿಯಲ್ಲಿ ಆತುರವೇ ಇರಲಿಲ್ಲ. ಆ ಕ್ಯಾಪ್ಟನ್ ಮೇಲೆ ನನಗೆ ಈಗಲೂ ಗೌರವ.

ವಿಮಾನ ನಿಲ್ಲುವ ಜಾಗಕ್ಕೆ ವಾಪಸ್ ಬಂತು. ವಿಮಾನದ ದೋಷ, ರಿಪೇರಿ ಬರೆದಿಡುವ ಪುಸ್ತಕದಲ್ಲಿ, ಅಂದರೆ ಟೆಕ್ ಲಾಗ್‌ನಲ್ಲಿ, ಸ್ನ್ಯಾಗ್ (ದೋಷ) ಬರೆದರು. ಇನ್ನು ಬೋರೋಸ್ಕೋಪ್ ಅನ್ನುವ ಕೊಳವೆಯಂಥ ಕ್ಯಾಮೆರಾ ಹಾಕಿ ಒಳಗಿನ ಬ್ಲೇಡುಗಳನ್ನು ನೋಡದೆ ಹೊರಡುವ ಹಾಗಿಲ್ಲ. ಪ್ರಯಾಣಿಕರನ್ನು ಇಳಿಸಿದರು. ಮೆಟ್ಟಿಲ ಬುಡದಲ್ಲಿ ಒಬ್ಬ ಹಿರಿಯರು ನನ್ನ ಜಾಕೆಟ್ ನೋಡಿ ನಿಂತರು.

"ಏನ್ ಸಾರ್, ಇಷ್ಟೊತ್ತು ಕೂರಿಸಿ ಈಗ ಇಳೀರಿ ಅಂದ್ರೆ ಹೇಗೆ? ಬೆಳಿಗ್ಗೆ ಮಗಳ ಮನೇದು ಗೃಹಪ್ರವೇಶ."

"ಯಜಮಾನ್ರೇ, ಎಂಜಿನ್ನಿಂದ ಬೆಂಕಿ ಬಂದಿದ್ದು ನಾನೇ ನೋಡ್ದೆ. ಒಳಗೆ ಏನಾಗಿದೆ ಅಂತ ನೋಡದೆ ಸಹಿ ಹಾಕೋಕೆ ಆಗಲ್ಲ."

"ನಾವೂ ನೋಡಿದ್ವಿ ಸಾರ್, ಬೆಳಕು ಬಂತು. ಲೈಟ್ ಇರಬೇಕು ಅಂದ್ಕೊಂಡ್ವಿ," ಅಂದರು ಅವರ ಹಿಂದೆ ನಿಂತಿದ್ದ ಹೆಂಡತಿ.

ಆ ಅಮ್ಮ ಹೇಳಿದ ಮಾತು ನನ್ನ ತಲೆಯಲ್ಲಿ ಉಳಿಯಿತು. ಕಿಟಕಿ ಪಕ್ಕ ಕೂತವರಿಗೆ ಕಾಣುತ್ತದೆ. ಕಂಡಿದ್ದು ಏನು ಅಂತ ಗೊತ್ತಾಗುವುದಿಲ್ಲ, ಗೊತ್ತಾದರೂ ಹೇಳಬೇಕು ಅನ್ನಿಸುವುದಿಲ್ಲ.

ಎಲ್ಲ ಸ್ನ್ಯಾಗ್‌ಗೂ ವಿಮಾನ ನಿಲ್ಲುವುದಿಲ್ಲ ಅನ್ನುವುದನ್ನೂ ಹೇಳಬೇಕು. ಯಾವುದು ಕೆಟ್ಟರೆ ಹೋಗಬಹುದು, ಯಾವುದು ಕೆಟ್ಟರೆ ಹೋಗಬಾರದು ಅನ್ನುವುದಕ್ಕೆ ಎಂಇಎಲ್ ಅಂತ ಪಟ್ಟಿಯಿದೆ. ಇಳಿದ ಮೇಲೆ ವೇಗ ತಗ್ಗಿಸಲು ನೆರವಾಗುವ ರಿವರ್ಸರ್ ಒಂದು ಎಂಜಿನ್ನಿನಲ್ಲಿ ಕೆಲಸ ಮಾಡದಿದ್ದರೆ ಅದನ್ನು ಲಾಕ್ ಮಾಡಿ, ಲೆಕ್ಕಕ್ಕೆ ಹಿಡಿದು, ದಿನಗಳ ಗಡುವಿನೊಳಗೆ ಸರಿಮಾಡುವ ಷರತ್ತಿನ ಮೇಲೆ ಹಾರಬಹುದು. ಸ್ಟಾರ್ಟರ್‌ಗೆ ಗಾಳಿ ಬಿಡುವ ವಾಲ್ವ್ ತಾನಾಗಿ ತೆರೆಯದಿದ್ದರೆ, ಎಎಂಇ ಎಂಜಿನ್ನಿನ ಪಕ್ಕದಲ್ಲೇ ನಿಂತು, ಹೊದಿಕೆಯ ತೂತಿನೊಳಗೆ ಸಲಕರಣೆ ಹಾಕಿ ಅದನ್ನು ಕೈಯಿಂದ ತೆರೆಯುತ್ತಾರೆ. ಪೈಲಟ್ ಹೇಳಿದಾಗ ತೆರೆಯಬೇಕು, ಹೇಳಿದಾಗ ಮುಚ್ಚಬೇಕು. ಪಕ್ಕದಲ್ಲಿ ಎಂಜಿನ್ ಓಡಲು ಶುರುವಾಗಿರುತ್ತದೆ, ಮುಂದೆ ಗಾಳಿಯ ಸೆಳೆತ, ಹಿಂದೆ ಬಿಸಿಗಾಳಿ. ಎಲ್ಲಿ ಕಾಲಿಡಬೇಕು, ಯಾವ ಕಡೆಯಿಂದ ಹೊರಗೆ ಬರಬೇಕು ಅನ್ನುವುದು ಮೊದಲೇ ತಲೆಯಲ್ಲಿ ಇರಬೇಕು. 2015ರ ಡಿಸೆಂಬರ್ 16ರಂದು ಮುಂಬೈಯಲ್ಲಿ ಹೈದರಾಬಾದಿಗೆ ಹೊರಟಿದ್ದ ವಿಮಾನವೊಂದು ಕೆಳಗಿನ ಸಿಬ್ಬಂದಿ ದೂರ ಸರಿಯುವ ಮೊದಲೇ ಮುಂದೆ ಚಲಿಸಿತು. ನಮ್ಮಂಥದ್ದೇ ಕೆಲಸ ಮಾಡುತ್ತಿದ್ದ ಒಬ್ಬರು ಎಂಜಿನ್ನಿನೊಳಗೆ ಸೆಳೆದುಹೋದರು. ಪೈಲಟ್‌ಗೆ ಎಂಜಿನ್ ಕಾಣುವುದಿಲ್ಲ, ಅದರ ಮುಂದೆ ನಿಂತ ಮನುಷ್ಯನೂ ಕಾಣುವುದಿಲ್ಲ. ಈ ಕೆಲಸದಲ್ಲಿರುವ ಯಾರೂ ಆ ದಿನವನ್ನು ಮರೆಯುವುದಿಲ್ಲ.

ಇನ್ನು ರನ್‌ವೇಗೆ ಬರೋಣ.

ವಿಮಾನ ಓಡಲು ಶುರುಮಾಡಿದ ಮೇಲೆ ಯೋಚನೆಗೆ ಹೊತ್ತಿಲ್ಲ. ಅದಕ್ಕೇ ಯೋಚನೆಯನ್ನು ಮೊದಲೇ ಮಾಡಿ ಇಟ್ಟಿರುತ್ತಾರೆ. ವಿ1 ಅನ್ನುವ ಒಂದು ವೇಗ ಇದೆ. ಪ್ರತಿ ಟೇಕಾಫ್‌ಗೂ ತೂಕ, ರನ್‌ವೇ ಉದ್ದ, ಗಾಳಿ, ಬಿಸಿಲು, ಮಳೆ ಎಲ್ಲ ನೋಡಿ ಅದನ್ನು ಲೆಕ್ಕ ಹಾಕುತ್ತಾರೆ. ನಿಲ್ಲಿಸುವುದಾದರೆ ಆ ವೇಗ ಮುಟ್ಟುವಷ್ಟರಲ್ಲಿ ಬ್ರೇಕಿನ ಕ್ರಮ ಶುರುವಾಗಿರಬೇಕು. ದಾಟಿದ ಮೇಲೆ ಎಂಜಿನ್ ಕೆಟ್ಟರೂ ಹಾರಲೇಬೇಕು. ಹಾರಿ, ಒಂದೇ ಎಂಜಿನ್ನಿನಲ್ಲಿ ಸುತ್ತು ಹಾಕಿ ಬಂದು ಇಳಿಯಬೇಕು. ವಿ1 ಅನ್ನುವ ಕರೆ ಬಂದಾಗ ಕ್ಯಾಪ್ಟನ್ ಎಂಜಿನ್ನಿನ ಬಲ ಏರಿಸಿ ಇಳಿಸುವ ಥ್ರಸ್ಟ್ ಲಿವರ್ ಮೇಲಿನ ಕೈಯನ್ನು ತೆಗೆದುಬಿಡುತ್ತಾರೆ. ಇನ್ನು ಎಳೆಯುವ ಆಸೆಯೂ ಬರಬಾರದು ಅಂತ.

ವಿ1ಗೂ ಮೊದಲು ಇನ್ನೊಂದು ಗೆರೆಯಿದೆ. ಬೋಯಿಂಗ್‌ನಲ್ಲಿ 80 ನಾಟ್, ಏರ್‌ಬಸ್‌ನಲ್ಲಿ 100 ನಾಟ್. ಗಂಟೆಗೆ ಸುಮಾರು 150 ಮತ್ತು 185 ಕಿಲೋಮೀಟರ್. ಅದಕ್ಕಿಂತ ಕೆಳಗೆ ಸಣ್ಣ ಅನುಮಾನ ಬಂದರೂ ನಿಲ್ಲಿಸಬಹುದು. ಮೇಲೆ ಹೋದರೆ ಬೆಂಕಿ, ಎಂಜಿನ್ ನಿಂತುಹೋಗುವುದು, ವಿಮಾನ ಹಾರಲಾರದು ಅನ್ನುವಂಥ ಕಾರಣಗಳಿಗೆ ಮಾತ್ರ. ಅಮೆರಿಕದ ವಿಮಾನ ಉದ್ಯಮ ಮತ್ತು ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಸೇರಿ 1990ರ ದಶಕದಲ್ಲಿ ತಂದ ತರಬೇತಿ ಕೈಪಿಡಿಯೊಂದು ಹೇಳುವ ಪ್ರಕಾರ, ಸುಮಾರು 3,000 ಟೇಕಾಫ್‌ಗಳಲ್ಲಿ ಒಂದನ್ನು ಹೀಗೆ ನಿಲ್ಲಿಸುತ್ತಾರೆ. ಅದರಲ್ಲೂ ಮುಕ್ಕಾಲು ಪಾಲು 80 ನಾಟ್ ಒಳಗೇ. ಜೋರು ವೇಗದಲ್ಲಿ ನಿಲ್ಲಿಸುವುದು ಚಿಕ್ಕ ಮಾತಲ್ಲ. ಬ್ರೇಕುಗಳು ಎಷ್ಟು ಕಾಯುತ್ತವೆಂದರೆ, ಟೈರು ಸಿಡಿಯದಿರಲಿ ಅಂತ ಗಾಲಿಯಲ್ಲಿಟ್ಟ ಪುಟ್ಟ ಪ್ಲಗ್‌ಗಳು ಕರಗಿ ಗಾಳಿ ಬಿಟ್ಟುಬಿಡುತ್ತವೆ.

ಸರಿ, ನಿಲ್ಲಿಸಿದರು. ಇಲ್ಲಿಗೆ ಅಪಾಯ ಮುಗಿಯಿತು ಅಂತ ನೋಡುವವರಿಗೆ ಅನ್ನಿಸುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಅಪಾಯ ದೊಡ್ಡದಾಗಿದ್ದೇ ನಿಲ್ಲಿಸಿದ ಮೇಲೆ.

1985ರ ಆಗಸ್ಟ್ 22, ಬೆಳಿಗ್ಗೆ 7 ಗಂಟೆ ದಾಟಿತ್ತು. ಬ್ರಿಟಿಷ್ ಏರ್‌ಟೂರ್ಸ್‌ನ ಬೋಯಿಂಗ್ 737 ಗ್ರೀಸಿನ ಕೊರ್ಫು ದ್ವೀಪಕ್ಕೆ ಹೊರಟಿತ್ತು. 131 ಪ್ರಯಾಣಿಕರು, 6 ಸಿಬ್ಬಂದಿ. ಹೆಚ್ಚಿನವರು ರಜೆಗೆ ಹೊರಟ ಕುಟುಂಬಗಳು. ರನ್‌ವೇ ಮೇಲೆ ಓಡುವಾಗ ಧಡ್ ಅಂತ ಒಂದು ಸದ್ದು. ಟೈರ್ ಸಿಡಿಯಿತು, ಇಲ್ಲವೇ ಹಕ್ಕಿ ಬಡಿಯಿತು ಅಂತ ಪೈಲಟ್‌ಗಳು ತಿಳಿದರು. ಕ್ಯಾಪ್ಟನ್ ಕೂಡಲೇ ನಿಲ್ಲಿಸಲು ಹೇಳಿದರು. ಸರಿಯಾದ ನಿರ್ಧಾರ. ಟೈರ್ ಹೋಗಿದೆ ಅಂದುಕೊಂಡಿದ್ದರಿಂದ ಬ್ರೇಕ್ ಜೋರಾಗಿ ಒತ್ತಬೇಡಿ ಅಂತಲೂ ಹೇಳಿದರು. ಟೈರೇ ಹೋಗಿದ್ದರೆ ಅದೂ ಸರಿಯೇ.

ನಿಜಕ್ಕೂ ಆಗಿದ್ದು ಬೇರೆ. ಎಡ ಎಂಜಿನ್ನಿನ ಒಳಗೆ ಇಂಧನ ಉರಿಯುವ ಡಬ್ಬಿಗಳಲ್ಲಿ ಒಂದು ಒಡೆದಿತ್ತು. ಅದು ಎಂಜಿನ್ನಿನ ಹೊರಮೈಯನ್ನು ಸೀಳಿಕೊಂಡು ಹೊರಗೆ ಬಂದು ರೆಕ್ಕೆಯ ಇಂಧನ ಟ್ಯಾಂಕಿನ ಮುಚ್ಚಳಕ್ಕೆ ತೂತು ಮಾಡಿತ್ತು. ಇಂಧನ ಸುರಿಯುತ್ತಿತ್ತು, ಉರಿಯುತ್ತಿತ್ತು. ಬೆಂಕಿಯ ಬೆಲ್ ಹೊಡೆದದ್ದು ಕೆಲವು ಸೆಕೆಂಡ್ ಆದ ಮೇಲೆ. ಬೆಂಕಿ ಎಷ್ಟು ದೊಡ್ಡದು ಅಂತ ಬೆಲ್ ಹೇಳುವುದಿಲ್ಲ. ಭಾರಿ ಬೆಂಕಿ ಇದೆ ಅಂತ ಹೇಳಿದ್ದು ಟವರಿನ ಕಂಟ್ರೋಲರ್. ಜನರನ್ನು ಇಳಿಸಬೇಕಾ ಅಂತ ಪೈಲಟ್ ಕೇಳಬೇಕಾಯಿತು, ಬಲಗಡೆಯಿಂದ ಇಳಿಸಿ ಅಂತ ಕಂಟ್ರೋಲರ್ ಹೇಳಬೇಕಾಯಿತು. ತಮ್ಮದೇ ವಿಮಾನದ ಸ್ಥಿತಿಯನ್ನು ದೂರದ ಗೋಪುರದಲ್ಲಿದ್ದವರನ್ನು ಕೇಳಿ ತಿಳಿಯುವ ಹಾಗಾಯಿತು.

ಅಷ್ಟರಲ್ಲಿ ವಿಮಾನ ರನ್‌ವೇ ಬಿಟ್ಟು ಬಲಕ್ಕೆ, ವಿಮಾನಗಳು ನಿಧಾನಕ್ಕೆ ಓಡಾಡುವ ಟ್ಯಾಕ್ಸಿವೇಗೆ ತಿರುಗಿತ್ತು. ರನ್‌ವೇ ಖಾಲಿ ಮಾಡಿಕೊಡುವುದು ಆಗಿನ ಅಭ್ಯಾಸ. ಗಾಳಿ ತುಂಬ ಹಗುರವಾಗಿತ್ತು. ಆದರೆ ತಿರುಗಿದ್ದರಿಂದ ಅದೇ ಹಗುರ ಗಾಳಿ ಎಡಗಡೆಯ ಬೆಂಕಿಯನ್ನು ವಿಮಾನದ ಮೈಮೇಲೆ ತಳ್ಳಿತು. ಒಂದು ನಿಮಿಷದೊಳಗೇ ಬೆಂಕಿ ಮೈಯನ್ನು ಸುಟ್ಟು ಒಳಗೆ ನುಗ್ಗಿತು. ಮುಂದಿನ ಬಲಬಾಗಿಲು ಮೊದಲು ಸಿಕ್ಕಿಕೊಂಡಿತು. ರೆಕ್ಕೆಯ ಮೇಲಿನ ಬಾಗಿಲ ಹತ್ತಿರ ಜಾಗ ಸಾಲದೆ ಜನ ಒತ್ತಿಕೊಂಡರು. 55 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಉರಿಯಲ್ಲ, ಹೊಗೆ.

ಇವತ್ತು ನೀವು ವಿಮಾನ ಹತ್ತಿದಾಗ ನೆಲದ ಉದ್ದಕ್ಕೂ ಕಾಣುವ ದಾರಿದೀಪ, ಬೇಗ ಉರಿಯದ ಸೀಟಿನ ಹೊದಿಕೆ, ರೆಕ್ಕೆಯ ಬಾಗಿಲ ಹತ್ತಿರ ಬಿಟ್ಟಿರುವ ಹೆಚ್ಚಿನ ಜಾಗ, ಇವೆಲ್ಲ ಜಾರಿಗೆ ಬರಲು ಆ ಬೆಳಗಿನ ದೊಡ್ಡ ಪಾಲಿದೆ. ಈಗ ಪೈಲಟ್‌ಗಳಿಗೆ ರನ್‌ವೇ ಮೇಲೇ ನಿಲ್ಲಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ ಅಂತ ಕಲಿಸುತ್ತಾರೆ. ಎಂಜಿನಿಯರ್ ಆದ ನನಗೆ ಆ ವರದಿಯಲ್ಲಿ ಹೆಚ್ಚು ಚುಚ್ಚುವುದು ಇನ್ನೊಂದು ಸಂಗತಿ. ಹಿಂದಿನ ದಿನದ ಟೆಕ್ ಲಾಗ್‌ನಲ್ಲಿ ಎಡ ಎಂಜಿನ್ ನಿಧಾನಕ್ಕೆ ವೇಗ ಹಿಡಿಯುತ್ತಿದೆ ಅನ್ನುವ ದೂರು ಇತ್ತು. ಎಂಜಿನಿಯರ್‌ಗಳು ನೋಡಿದರು, ಹೊಂದಿಸಿದರು, ಬಿಟ್ಟರು. ಆ ನಿಧಾನಕ್ಕೂ ಒಳಗೆ ಬಿರುಕು ಬಿಟ್ಟ ಡಬ್ಬಿಗೂ ಸಂಬಂಧ ಇರಬಹುದು ಅಂತ ಅವರಿಗೆ ಹೊಳೆಯುವ ಹಾಗೆ ಯಾರೂ ತಿಳಿಸಿರಲಿಲ್ಲ. ಲಾಗ್‌ನಲ್ಲಿ ಇಂಥ ಸಾಲು ಬಂದಾಗಲೆಲ್ಲ ನಾನು ಹಿಂದಿನ ಪುಟಗಳನ್ನೂ ತಿರುವಿ ನೋಡುತ್ತೇನೆ.

ಮೂವತ್ತು ವರ್ಷ ಮುಂದಕ್ಕೆ ಬರೋಣ. 2015ರ ಸೆಪ್ಟೆಂಬರ್ 8, ಲಾಸ್ ವೇಗಸ್. ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ಲಂಡನ್ನಿಗೆ ಹೊರಟು ರನ್‌ವೇ ಮೇಲೆ ಓಡುತ್ತಿತ್ತು. ವೇಗ ಇನ್ನೂ ಕಡಿಮೆ ಇತ್ತು. ಎಡ ಎಂಜಿನ್ನಿನ ಒಳಗಿನ ಚಕ್ರದಂಥ ಭಾಗ ಒಡೆದು ಹೊರಗೆ ಸಿಡಿಯಿತು. ಕ್ಯಾಪ್ಟನ್ ನಿಲ್ಲಿಸಿದರು. ಆಮೇಲೆ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಕಾಕ್‌ಪಿಟ್‌ನಲ್ಲಿದ್ದ ಮೂರನೇ ಪೈಲಟ್‌ನನ್ನು ಕ್ಯಾಬಿನ್‌ಗೆ ಕಳಿಸಿ, ಹೋಗಿ ನೋಡಿ ಬಾ ಅಂದರು. ಅಂಕಿಗಳು ಸಾಲದಾದಾಗ ಒಂದು ಜೊತೆ ಕಣ್ಣನ್ನೇ ಕಳಿಸಿದರು. ಒಳಗಿದ್ದ 170 ಜನರೂ ಬದುಕಿದರು. ಆದರೆ ಇಳಿಯಿರಿ ಅಂದ ಮೇಲೂ ಬಲಗಡೆಯ ಎಂಜಿನ್, ಸರಿಯಿದ್ದ ಎಂಜಿನ್, ಅರ್ಧ ನಿಮಿಷಕ್ಕೂ ಹೆಚ್ಚು ಓಡುತ್ತಲೇ ಇತ್ತು.

ಮರುವರ್ಷ ಷಿಕಾಗೋದಲ್ಲಿ ಇದೇ ಇನ್ನೂ ದೊಡ್ಡದಾಗಿ ಆಯಿತು. 2016ರ ಅಕ್ಟೋಬರ್ 28. ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 767, ಮಯಾಮಿಗೆ ಹೊರಟಿತ್ತು. ಬಲ ಎಂಜಿನ್ನಿನ ಟರ್ಬೈನ್ ಡಿಸ್ಕ್ ಒಡೆದು ಚೂರಾಯಿತು. ಒಂದು ದೊಡ್ಡ ತುಂಡು ಸುಮಾರು 900 ಮೀಟರ್ ದೂರದ ಗೋದಾಮಿನ ಚಾವಣಿ ಸೀಳಿ ಒಳಗೆ ಬಿತ್ತು. ಲೋಹ ತಯಾರಾದ ದಿನವೇ ಅದರೊಳಗೆ ಸೇರಿಕೊಂಡ ಒಂದು ಕಣದಷ್ಟು ದೋಷ ಕಾರಣ. ತಯಾರಿಕೆಯ ಹೊತ್ತಿನ ತಪಾಸಣೆಗೆ ಅದು ಕಂಡಿರಲಿಲ್ಲ.

ಪೈಲಟ್‌ಗಳು ನಿಲ್ಲಿಸಿದರು. ರೆಕ್ಕೆಯ ಕೆಳಗೆ ಇಂಧನ ಉರಿಯುತ್ತಿತ್ತು. ಅವರು ಎಂಜಿನ್ ಬೆಂಕಿಯ ಚೆಕ್‌ಲಿಸ್ಟ್ ತೆಗೆದರು. ಆ ಚೆಕ್‌ಲಿಸ್ಟ್ ಆಕಾಶದಲ್ಲಿ ಎಂಜಿನ್‌ಗೆ ಬೆಂಕಿ ಬಿದ್ದಾಗಿನದು. ಲಿವರ್ ಇಳಿಸು, ಇಂಧನ ನಿಲ್ಲಿಸು, ಒಂದು ಬಾಟಲಿ ಬಿಡು, 30 ಸೆಕೆಂಡ್ ಕಾಯಿ, ಆರದಿದ್ದರೆ ಇನ್ನೊಂದು ಬಿಡು. ಆಕಾಶದಲ್ಲಿ ಇದು ಸರಿ. ಅಲ್ಲಿ ಎಲ್ಲೂ ಇಳಿದು ಓಡುವ ಹಾಗಿಲ್ಲ, ಇರುವುದನ್ನು ಅಳೆದು ಬಳಸಬೇಕು. ನೆಲದ ಮೇಲೆ ಎರಡೂ ಬಾಟಲಿಯನ್ನು ಬಿಟ್ಟು, ಎರಡೂ ಎಂಜಿನ್ ನಿಲ್ಲಿಸಿ, ಜನರನ್ನು ಇಳಿಸಬೇಕು. ನೆಲಕ್ಕೆ ಬೇರೆ, ಆಕಾಶಕ್ಕೆ ಬೇರೆ ಅಂತ ಆ ಚೆಕ್‌ಲಿಸ್ಟ್ ಬಿಡಿಸಿ ಹೇಳುತ್ತಿರಲಿಲ್ಲ. ಬೇರೆ ಬೇರೆ ಇರಬೇಕು ಅಂತ ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಆಮೇಲೆ ಶಿಫಾರಸು ಮಾಡಿತು.

ಆ ಹೊತ್ತಿಗೆ ಹಿಂದೆ ಕ್ಯಾಬಿನ್‌ನಲ್ಲಿ ಏನಾಗುತ್ತಿತ್ತು? ಕಿಟಕಿಯ ಗಾಜು ಬಿಸಿಗೆ ಸುಕ್ಕಾಗುತ್ತಿತ್ತು. ಜನ ಎದ್ದು ನಿಂತಿದ್ದರು. ಗಗನಸಖಿಯರು ಇಂಟರ್‌ಫೋನ್‌ನಲ್ಲಿ ಕಾಕ್‌ಪಿಟ್‌ಗೆ ಕರೆ ಮಾಡಲು ನೋಡಿದರು, ಆಗಲಿಲ್ಲ. ಆ ವಿಮಾನದಲ್ಲಿದ್ದ ಫೋನ್ ಅವರು ತರಬೇತಿಯಲ್ಲಿ ಬಳಸಿದ್ದಕ್ಕಿಂತ ಬೇರೆ ಬಗೆಯದು. ಕೊನೆಗೆ ಅವರೇ ಬಾಗಿಲು ತೆಗೆದು ಜನರನ್ನು ಇಳಿಸತೊಡಗಿದರು. ಎಡ ಎಂಜಿನ್ ಇನ್ನೂ ಓಡುತ್ತಿತ್ತು. ಎಡ ರೆಕ್ಕೆಯ ಕಡೆಯಿಂದ ಇಳಿದ ಒಬ್ಬರು ಅದರ ಗಾಳಿಗೆ ಸಿಕ್ಕಿ ಬಿದ್ದು ತೀವ್ರವಾಗಿ ಗಾಯಗೊಂಡರು. 161 ಪ್ರಯಾಣಿಕರು, 9 ಸಿಬ್ಬಂದಿ, ಎಲ್ಲರೂ ಬದುಕಿದರು. ಆದರೂ ನನಗೆ ಆ ವರದಿ ಓದುವಾಗ ಎದೆ ಹಿಡಿದಂತಾಗುತ್ತದೆ. ಒಂದೇ ವಿಮಾನದಲ್ಲಿ, ಒಂದು ಬಾಗಿಲಿನ ಆಚೆ ಈಚೆ, ಒಂದು ಕಡೆಯವರಿಗೆ ಬೆಂಕಿ ಕಾಣುತ್ತಿತ್ತು, ಇನ್ನೊಂದು ಕಡೆಯವರ ಕೈಯಲ್ಲಿ ಎಂಜಿನ್ ನಿಲ್ಲಿಸುವ ಸ್ವಿಚ್ ಇತ್ತು. ನಡುವಿನ ಫೋನ್ ಕೆಲಸಕ್ಕೆ ಬರಲಿಲ್ಲ.

ನಮ್ಮ ಹತ್ತಿರದ ಘಟನೆಗಳೂ ಇವೆ. 2022ರ ಸೆಪ್ಟೆಂಬರ್ 14ರಂದು ಮಸ್ಕತ್‌ನಲ್ಲಿ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737 ಟ್ಯಾಕ್ಸಿ ಮಾಡುತ್ತಿತ್ತು. ಎಂಜಿನ್ನಿನಿಂದ ಹೊಗೆ ಬರುತ್ತಿರುವುದನ್ನು ಕಂಡವರು ಬೇರೊಂದು ವಿಮಾನದವರು. ಕಾಕ್‌ಪಿಟ್‌ನಲ್ಲಿ ಯಾವ ಎಚ್ಚರಿಕೆಯೂ ಬಂದಿರಲಿಲ್ಲ. ಪೈಲಟ್‌ಗಳು ಆ ಮಾತನ್ನು ನಂಬಿ ನಿಲ್ಲಿಸಿದರು, ಸ್ಲೈಡ್ ಮೇಲೆ ಎಲ್ಲರನ್ನೂ ಇಳಿಸಿದರು. 141 ಪ್ರಯಾಣಿಕರು, 4 ಕೂಸುಗಳು, ಎಲ್ಲರೂ ಉಳಿದರು. ನನ್ನ ಪರದೆಯಲ್ಲಿ ಏನೂ ಇಲ್ಲವಲ್ಲ ಅಂತ ಅವರು ಮುಂದೆ ಹೋಗಬಹುದಿತ್ತು, ಹೋಗಲಿಲ್ಲ. ಅದೇ ವರ್ಷ ಅಕ್ಟೋಬರ್ 28ರ ರಾತ್ರಿ ದೆಹಲಿಯಿಂದ ಬೆಂಗಳೂರಿಗೆ ಹೊರಟ ಇಂಡಿಗೋ ಎ320, ರನ್‌ವೇ ಮೇಲೆ ಓಡುವಾಗ ಎಂಜಿನ್ ಕೈಕೊಟ್ಟು ಕಿಡಿ ಕಾರಿತು. ಷಿಕಾಗೋದ ಘಟನೆ ನಡೆದದ್ದೂ ಅದೇ ತಾರೀಖಿನಂದು, ಆರು ವರ್ಷ ಮೊದಲು. ಈ ಸಲ ಕಾಕ್‌ಪಿಟ್‌ಗೆ ಎಚ್ಚರಿಕೆ ಬಂತು. ಟೇಕಾಫ್ ನಿಲ್ಲಿಸಿದರು, ಫೈರ್ ಬಾಟಲಿ ಬಿಟ್ಟರು. 177 ಪ್ರಯಾಣಿಕರು, 7 ಸಿಬ್ಬಂದಿ ಸುರಕ್ಷಿತವಾಗಿ ಇಳಿದರು. ಕಿಟಕಿಯಿಂದ ತೆಗೆದ ವೀಡಿಯೋ ಆ ರಾತ್ರಿಯೇ ಎಲ್ಲರ ಫೋನಿಗೆ ಬಂತು. ಪ್ರಯಾಣಿಕರು ನೋಡಿದ್ದ ಆ ದೃಶ್ಯವನ್ನು ನಿಲ್ಲಿಸುವ ನಿರ್ಧಾರ ಮಾಡಿದ ಪೈಲಟ್‌ಗಳು ನೋಡಿರಲಿಲ್ಲ.

ಮ್ಯಾಂಚೆಸ್ಟರ್ ತನಿಖೆಯವರು ಮಾಡಿದ ಶಿಫಾರಸುಗಳಲ್ಲಿ ಒಂದು ಇದೇ ಆಗಿತ್ತು: ವಿಮಾನದ ಹೊರಭಾಗ ಪೈಲಟ್‌ಗಳಿಗೆ ಕಾಣುವಂಥ ವ್ಯವಸ್ಥೆ ಬಗ್ಗೆ ಸಂಶೋಧನೆ ನಡೆಯಲಿ. ಎ380ಯಂಥ ದೊಡ್ಡ ವಿಮಾನಗಳಲ್ಲಿ ಈಗ ಬಾಲದ ಮೇಲೆ ಕ್ಯಾಮೆರಾ ಇದೆ, 777-300ಇಆರ್‌ನಲ್ಲಿ ಟ್ಯಾಕ್ಸಿ ಮಾಡುವಾಗ ಗಾಲಿ ನೋಡಲು ಇದೆ. ಆದರೆ ನಮ್ಮ ದೇಶದ ಆಕಾಶವನ್ನು ತುಂಬಿರುವ ಎ320, 737ಗಳಲ್ಲಿ ಎಂಜಿನ್ ತೋರಿಸುವ ಕ್ಯಾಮೆರಾ ಕಾಕ್‌ಪಿಟ್‌ನಲ್ಲಿ ಇಲ್ಲ. ಅದಕ್ಕೆ ಎದುರಾಗಿ ಹೇಳುವ ಮಾತುಗಳು ನನಗೂ ಗೊತ್ತು. ವೈರಿಂಗ್ ಜಾಸ್ತಿ, ಕೆಡುವ ಭಾಗ ಇನ್ನೊಂದು ಸೇರುತ್ತದೆ, ಪೈಲಟ್ ಚಿತ್ರ ನೋಡುತ್ತಾ ಕೂತು ಮಾಡಬೇಕಾದ್ದನ್ನು ಮರೆಯಬಹುದು. ಕೊನೆಯ ಮಾತಿನಲ್ಲಿ ಹುರುಳಿದೆ. ಓಡುವಾಗ ಬೇಡ, ನಿಂತ ಮೇಲೆ ತೋರಿಸಿ. ಇಳಿಸಬೇಕಾ ಬೇಡವಾ, ಯಾವ ಕಡೆಯಿಂದ ಅನ್ನುವ ಪ್ರಶ್ನೆ ಬರುವುದು ಆಗಲೇ. ಮನೆಯ ಗೇಟಿಗೆ ಕ್ಯಾಮೆರಾ ಹಾಕಿಸುವ ಕಾಲದಲ್ಲಿ ಇದು ಆಗದ ಕೆಲಸ ಅಂದರೆ ನಾನು ಒಪ್ಪಲಾರೆ.

ಅದು ಬರುವವರೆಗೆ ನೀವೂ ಒಂದು ಕಣ್ಣು. ರೆಕ್ಕೆಯ ಹತ್ತಿರ ಕೂತಿದ್ದು, ಎಂಜಿನ್ನಿನಿಂದ ಬೆಂಕಿಯೋ ಹೊಗೆಯೋ ಬರುತ್ತಿದ್ದರೆ, ಇಂಧನ ಸುರಿಯುತ್ತಿದ್ದರೆ, ಫೋನ್ ತೆಗೆಯುವ ಮೊದಲು ಸಿಬ್ಬಂದಿಯ ಬಟನ್ ಒತ್ತಿ, ಗಟ್ಟಿಯಾಗಿ ಕರೆಯಿರಿ. ಲೈಟ್ ಇರಬೇಕು ಅಂತ ಸುಮ್ಮನಾಗಬೇಡಿ. ಏನೂ ಅಲ್ಲದಿದ್ದರೆ ಯಾರೂ ಬೈಯುವುದಿಲ್ಲ. ನೀವಾಗಿ ಬಾಗಿಲು ತೆಗೆಯಲು ಹೋಗಬೇಡಿ, ಆ ಕಡೆಯ ಎಂಜಿನ್ ಓಡುತ್ತಿರಬಹುದು. ಇಳಿಯಿರಿ ಅಂದಾಗ ಬ್ಯಾಗ್ ಅಲ್ಲೇ ಬಿಡಿ. ಸಿಬ್ಬಂದಿಗೆ ಹೇಳುವಾಗ ಮೂರು ಸಂಗತಿ ಸಾಕು: ಎಡವೋ ಬಲವೋ, ಬೆಂಕಿಯೋ ಹೊಗೆಯೋ, ಎಂಜಿನ್ನಿನ ಹಿಂದಿನಿಂದಲೋ ಹೊರಮೈಯಿಂದಲೋ.